ಚಿಕ್ಕಿ ಎಣಿಸಿದರೆ ಹೊಟ್ಟೆ ತುಂಬೀತೆ?

ಪುಷ್ಯಮಾಸದಲ್ಲಿ ಬಾದಾಮಿಯ ಬಳಿಯ ಬನಶಂಕರಿಯ ಜಾತ್ರೆಗೆ ಹೋಗಿ ನಾಟಕ ನೋಡದೆ ಹಿಂತಿರುಗಿದವರು ನಮ್ಮ ಸೀಮೆಯಲ್ಲಿ ವಿರಳ. ಕಂಪನಿಯ ಥಿಯೇಟರಿನೊಳಗೆ ಅಂಕ ಮುಗಿದು ಪರದೆ ಬಿದ್ದಾಗ ಒಂದು ಗಳಿಗೆ ಹೊರಗೆ ಬನ್ನಿ. ಮಿಠಾಯಿ ಅಂಗಡಿಗಳ ಸಾಲುದೀಪಗಳಿಂದ ತುಸು ದೂರ ಸರಿದು ದಕ್ಷಿಣಕ್ಕೆ ಮುಖಮಾಡಿ ನಿಲ್ಲಿ. ದಿಗಂತದಿಂದ ಅಷ್ಟೇನೂ ಎತ್ತರವಲ್ಲದ ಕಡೆ, ನೆರೆಹೊರೆಯಿಲ್ಲದವನಂತೆ ಒಂಟಿಯಾಗಿ ಹೊಳೆಯುವ ಒಂದು ಬಿಳಿಯ ನಕ್ಷತ್ರ ಕಂಡೀತು. ಅದೇ ಅಗಸ್ತ್ಯ.

ವಾತಾಪಿಯೆಂಬ ರಕ್ಕಸನನ್ನು ಜೀರ್ಣಿಸಿಕೊಂಡನೆಂದು ಪುರಾಣ ಹೇಳುವ ಆ ಮುನಿಯ ಹೆಸರಿನ ಕೊಳವು ಬಾದಾಮಿಯ ಊರೊಳಗಿದೆ. ಅವನ ಹೆಸರಿನ ನಕ್ಷತ್ರವು ಊರ ಮೇಲಿದೆ. ಇರುಳಿನ ನಕ್ಷತ್ರಗಳಲ್ಲೆಲ್ಲ ಲುಬ್ಧಕವೊಂದನ್ನು ಬಿಟ್ಟರೆ ಇದರಷ್ಟು ಪ್ರಕಾಶಮಾನವಾದುದು ಬೇರೊಂದಿಲ್ಲ. ನಾವು ಇಂದು ಕಾಣುವ ಅದರ ಬೆಳಕು ಅಲ್ಲಿಂದ ಹೊರಟು ಸುಮಾರು ೩೦೦ ವರ್ಷಗಳಾಗಿವೆ. ಬಾದಾಮಿಯು ಭೂಮಧ್ಯರೇಖೆಯಿಂದ ೧೬ ಡಿಗ್ರಿ ಉತ್ತರಕ್ಕೆ ಇರುವುದರಿಂದ ಅಗಸ್ತ್ಯ ಇಲ್ಲಿ ದಿಗಂತದ ಮೇಲೆ ೨೧ ಡಿಗ್ರಿಗಳವರೆಗೆ ಏರುತ್ತಾನೆ. ದಿಲ್ಲಿಯವರಿಗೆ ಅವನು ೯ ಡಿಗ್ರಿಗಳಷ್ಟೂ ಏರಿ ತೋರುವುದಿಲ್ಲ. ಲಂಡನ್ನಿನವರು ತಮ್ಮ ಊರಿನಲ್ಲಿ ನಿಂತು ಅವನನ್ನು ಎಂದೂ ಕಾಣಲಾರರು. ಬಡವ ಬಲ್ಲಿದನೆನ್ನದೆ ಈ ನಾಡಿನ ಪ್ರತಿಯೊಂದು ಮಗುವಿಗೂ ಹುಟ್ಟಿನಿಂದಲೇ ಬಂದಿರುವ ಆಸ್ತಿ ಇದು.

ಇಂಥ ಆಕಾಶದ ಕೆಳಗೆ ಬೆಳೆದ ಮಕ್ಕಳಲ್ಲಿ ಕೆಲವರಿಗೆ ಅದರ ಹುಚ್ಚು ಹಿಡಿಯುವುದು ಸಹಜ. ಇಳಕಲ್ಲಿನ ಒಬ್ಬ ನೇಕಾರರ ಮಗಳು ಹತ್ತನೆಯ ಇಯತ್ತೆ ಮುಗಿಸಿದ್ದಾಳೆಂದು ಭಾವಿಸೋಣ. ಗಣಿತದಲ್ಲಿ ಚುರುಕು, ಮುಂದೆ ನಕ್ಷತ್ರಗಳ ವಿಷಯವನ್ನು ಓದಬೇಕೆಂಬ ಹಂಬಲ. ಕುಣಿಮಗ್ಗದಲ್ಲಿ ಕುಳಿತ ತಂದೆ ಲಾಳಿ ನಿಲ್ಲಿಸಿ ಕೇಳುತ್ತಾನೆ: “ಯವ್ವಾ, ಚಿಕ್ಕಿ ಎಣಿಸಿದ್ರ ಹೊಟ್ಟಿ ತುಂಬತೈತೇನು?”

ಈ ಪ್ರಶ್ನೆಯಲ್ಲಿ ಕುಚೋದ್ಯವಿಲ್ಲ. ನೂಲಿನ ದರ, ಸಾಲದ ಬಡ್ಡಿ, ಮನೆಯಲ್ಲಿರುವ ಇನ್ನಿಬ್ಬರು ಮಕ್ಕಳ ಓದು, ಇವೆಲ್ಲವೂ ಅದರ ಹಿಂದೆ ನಿಂತಿವೆ. ಮಗಳನ್ನು ಡಾಕ್ಟರಳನ್ನಾಗಿಯೋ ಇಂಜಿನಿಯರಳನ್ನಾಗಿಯೋ ಮಾಡಿದರೆ ಮುಂದಿನ ದಾರಿ ಕಣ್ಣಿಗೆ ಕಾಣುತ್ತದೆ. ಈ ದಾರಿ ಕಾಣುವುದಿಲ್ಲ. ಕಾಣದ ದಾರಿಗೆ ಹೆತ್ತವರು ಅಂಜಿದರೆ ಅದು ಅವರ ತಪ್ಪೆನ್ನಲಾಗದು. ಆ ತಂದೆಯ ಪ್ರಶ್ನೆಗೆ ಉತ್ಪ್ರೇಕ್ಷೆಯಿಲ್ಲದ ಉತ್ತರವನ್ನು ಕೊಡುವುದೇ ಈ ಲೇಖನದ ಉದ್ದೇಶ.

ಕಲ್ಲಿನಲ್ಲಿ ಕೊರೆದ ಲೆಕ್ಕ

ಆಕಾಶದ ಲೆಕ್ಕ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಮೇಗುಟಿಯ ಗುಡ್ಡವನ್ನು ಹತ್ತಿದರೆ, ಅಲ್ಲಿನ ಜಿನಾಲಯದ ಗೋಡೆಯಲ್ಲಿ ಇಮ್ಮಡಿ ಪುಲಕೇಶಿಯ ಆಸ್ಥಾನಕವಿ ರವಿಕೀರ್ತಿಯ ಶಾಸನವಿದೆ. ಕಾಳಿದಾಸ, ಭಾರವಿಗಳ ಹೆಸರು ಅದರಲ್ಲಿ ಬಂದಿದೆಯೆಂಬುದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದಕ್ಕಿಂತ ಕಡಿಮೆ ಜನರು ಗಮನಿಸಿರುವುದು ಅದರ ಕಾಲಗಣನೆ. ಭಾರತ ಯುದ್ಧವಾಗಿ ೩೭೩೫ ವರ್ಷಗಳೂ ಶಕರಾಜರ ಕಾಲದಿಂದ ೫೫೬ ವರ್ಷಗಳೂ ಕಳೆದಿವೆಯೆಂದು ಕವಿ ಎರಡು ಲೆಕ್ಕಗಳನ್ನು ಜೊತೆಗೂಡಿಸಿ ಹೇಳಿದ್ದಾನೆ. ಕ್ರಿ.ಶ. ೬೩೪ ಎಂಬ ವರ್ಷ ನಮಗೆ ದೊರೆತದ್ದು ಹೀಗೆ. ಸೂರ್ಯಚಂದ್ರರ ಗತಿಯನ್ನು ಎಣಿಸುವವರಿಲ್ಲದೆ ಇಂಥ ಸಂವತ್ಸರಗಳ ಲೆಕ್ಕ ಉಳಿಯುತ್ತಿರಲಿಲ್ಲ.

ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲಿನಲ್ಲಿ ಇಮ್ಮಡಿ ಕೀರ್ತಿವರ್ಮನ ಕಾಲದ ಒಂದು ಕಂಬವಿದೆ. ಅದರ ಮೇಲಿನ ಶಾಸನವು ಸೂರ್ಯಗ್ರಹಣವೊಂದನ್ನು ಹೇಳುತ್ತದೆ. ವಿದ್ವಾಂಸರು ಅದನ್ನು ಕ್ರಿ.ಶ. ೭೫೪ರ ಜೂನ್ ೨೫ರ ಗ್ರಹಣವೆಂದು ಗುರುತಿಸಿದ್ದಾರೆ. ದಾನ ಕೊಟ್ಟವರಿಗೆ ಅದು ಪುಣ್ಯಕಾಲ. ಇಂದಿನ ವಿಜ್ಞಾನಿಗೆ ಅದೊಂದು ಅಮೂಲ್ಯವಾದ ಸಾಕ್ಷಿ. ಕಾರಣವನ್ನು ಕೇಳಿರಿ. ಭೂಮಿ ತನ್ನ ಸುತ್ತ ತಾನು ತಿರುಗುವ ವೇಗ ಬಹು ಮೆಲ್ಲಗೆ ಕುಗ್ಗುತ್ತಿದೆ. ಚಂದ್ರನ ಸೆಳೆತದಿಂದ ಕಡಲಿನಲ್ಲಿ ಏಳುವ ಭರತವೇ ಇದಕ್ಕೆ ಮುಖ್ಯ ಕಾರಣ. ನೂರು ವರ್ಷಗಳಲ್ಲಿ ದಿನದ ಉದ್ದ ಬೆಳೆಯುವುದು ಒಂದು ಸೆಕೆಂಡಿನ ಸಾವಿರದಲ್ಲಿ ಎರಡು ಭಾಗದಷ್ಟೂ ಅಲ್ಲ. ಆದರೆ ದಿನದಿನವೂ ಸೇರುತ್ತ ಹೋಗುವ ಈ ಹನಿ, ಹನ್ನೆರಡು ನೂರು ವರ್ಷಗಳಲ್ಲಿ ಒಂದು ಗಂಟೆಯ ಸಮೀಪಕ್ಕೆ ಬರುತ್ತದೆ. ಇಂದಿನ ದಿನದ ಉದ್ದವನ್ನೇ ನಂಬಿ ಹಿಂದಕ್ಕೆ ಎಣಿಸಿದರೆ ೭೫೪ರ ಗ್ರಹಣದ ನೆರಳು ಭೂಮಿಯ ಮೇಲೆ ಸಾವಿರಕ್ಕೂ ಹೆಚ್ಚು ಕಿಲೋಮೀಟರು ಪಕ್ಕಕ್ಕೆ ಸರಿದುಬಿಡುತ್ತದೆ! ಯಾವ ಊರಿನಲ್ಲಿ ಯಾವ ಗ್ರಹಣ ಕಂಡಿತೆಂದು ಹಳೆಯವರು ಬರೆದಿಟ್ಟುದರಿಂದಲೇ ಈ ತಪ್ಪನ್ನು ತಿದ್ದಿಕೊಳ್ಳಲು ಸಾಧ್ಯವಾಗಿದೆ. ಕಲ್ಲು ಕೊರೆದ ಶಿಲ್ಪಿಯ ಉಳಿಗೂ ಗಡಿಯಾರ ನೋಡುವ ವಿಜ್ಞಾನಿಯ ಕಣ್ಣಿಗೂ ಇರುವ ನಂಟು ಇಂಥದು.

ನಮ್ಮ ಕಾಲದಲ್ಲಿಯೂ ಅಂಥದೊಂದು ನೆರಳು ಉತ್ತರ ಕರ್ನಾಟಕದ ಮೇಲೆ ಹಾದುಹೋಯಿತು. ೧೯೮೦ರ ಫೆಬ್ರವರಿ ೧೬ರ ಮಧ್ಯಾಹ್ನ ಅಂಕೋಲೆ, ಹುಬ್ಬಳ್ಳಿ, ರಾಯಚೂರುಗಳಲ್ಲಿ ಎರಡು ನಿಮಿಷಗಳಿಗೂ ಮಿಕ್ಕಿ ಹಗಲೇ ಇರುಳಾಯಿತು. ಊರವರಲ್ಲಿ ಅನೇಕರು ಬಾಗಿಲು ಭದ್ರಪಡಿಸಿಕೊಂಡು ಮನೆಯೊಳಗೆ ಕುಳಿತಿದ್ದರೆ, ದೂರದೂರಗಳಿಂದ ಬಂದ ವಿಜ್ಞಾನಿಗಳು ಯಂತ್ರಗಳನ್ನು ಹೂಡಿಕೊಂಡು ಬಯಲಿನಲ್ಲಿ ಕಾದಿದ್ದರು. ಅಂಥ ಬಯಲಿಗೆ ನಮ್ಮ ಮಕ್ಕಳು ಇಳಿಯುವುದು ಹೇಗೆ ಎಂಬುದೇ ಈಗಿನ ಪ್ರಶ್ನೆ.

ಹುಬ್ಬಳ್ಳಿಯಲ್ಲಿ ಬೆಳೆದ ಹುಡುಗ

ದಾರಿ ಇದೆಯೆಂಬುದಕ್ಕೆ ಸಾಕ್ಷಿಯನ್ನು ಬಹುದೂರ ಹುಡುಕಬೇಕಾಗಿಲ್ಲ. ಶ್ರೀನಿವಾಸ ಕುಲಕರ್ಣಿಯವರು ೧೯೫೬ರಲ್ಲಿ ಕುರುಂದವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬೆಳೆದವರು; ಲೇಖಕಿ ಸುಧಾ ಮೂರ್ತಿಯವರ ತಮ್ಮ. ತಂದೆ ವೈದ್ಯರಾಗಿದ್ದರೂ ಮಗ ಆರಿಸಿಕೊಂಡದ್ದು ಭೌತಶಾಸ್ತ್ರವನ್ನು. ದಿಲ್ಲಿಯ ಐ.ಐ.ಟಿ.ಯಲ್ಲಿ ಓದಿ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯಕ್ಕೆ ಹೋದರು. ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ೧೯೮೨ರಲ್ಲಿ, ಒಂದು ಸೆಕೆಂಡಿಗೆ ೬೪೨ ಸುತ್ತು ತಿರುಗುವ ಪಲ್ಸಾರ್ ಎಂಬ ವಿಚಿತ್ರ ನಕ್ಷತ್ರವನ್ನು ಕಂಡುಹಿಡಿದ ತಂಡದಲ್ಲಿ ಅವರಿದ್ದರು. ಅಷ್ಟು ಬಿರುಸಿನಿಂದ ತಿರುಗುವ ನಕ್ಷತ್ರವೊಂದು ಇದ್ದೀತೆಂಬುದು ಆಗ ಯಾರ ಊಹೆಯಲ್ಲಿಯೂ ಸುಲಭವಾಗಿ ನಿಲ್ಲುವಂತಿರಲಿಲ್ಲ. ೧೯೯೫ರಲ್ಲಿ ಗ್ರಹವೂ ಅಲ್ಲದ, ಪೂರ್ಣ ನಕ್ಷತ್ರವೂ ಅಲ್ಲದ ‘ಕಂದು ಕುಬ್ಜ’ವೆಂಬ ಕಾಯವನ್ನು ಸಂದೇಹಕ್ಕೆಡೆಯಿಲ್ಲದಂತೆ ತೋರಿಸಿಕೊಟ್ಟವರಲ್ಲಿ ಅವರೂ ಒಬ್ಬರು. ೨೦೨೪ರಲ್ಲಿ ಖಗೋಳ ವಿಜ್ಞಾನದ ಶಾ ಪ್ರಶಸ್ತಿ ಅವರಿಗೆ ಸಂದಿತು.

ಬೆಂಗಳೂರಿನ ಸಿ.ವಿ. ವಿಶ್ವೇಶ್ವರರ ಕಥೆ ಇನ್ನೊಂದು ಬಗೆಯದು. ಕೃಷ್ಣರಂಧ್ರವನ್ನು ಕದಲಿಸಿದರೆ ಅದು ಗಂಟೆಯಂತೆ ಮಿಡಿದು ಮೆಲ್ಲನೆ ಶಾಂತವಾಗುವುದೆಂದು ಅವರು ೧೯೭೦ರಲ್ಲಿ ಗಣಿತದಿಂದ ತೋರಿಸಿದರು. ಆಗ ಕೃಷ್ಣರಂಧ್ರಗಳು ಇವೆಯೇ ಎಂಬುದೇ ಚರ್ಚೆಯ ವಿಷಯವಾಗಿತ್ತು. ೨೦೧೫ರ ಸೆಪ್ಟೆಂಬರ್ ೧೪ರಂದು ಎರಡು ಕೃಷ್ಣರಂಧ್ರಗಳು ಕೂಡಿದ ಸದ್ದು ಗುರುತ್ವದ ಅಲೆಯಾಗಿ ಭೂಮಿಯನ್ನು ಮುಟ್ಟಿದಾಗ, ಆ ಮಿಡಿತದ ಗುರುತು ಅದರಲ್ಲಿತ್ತು. ನಲವತ್ತೈದು ವರ್ಷಗಳ ಕಾಯುವಿಕೆಗೆ ದೊರೆತ ಫಲವನ್ನು ಅವರು ಕಣ್ಣಾರೆ ಕಂಡು ೨೦೧೭ರಲ್ಲಿ ತೀರಿಕೊಂಡರು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದ ಮೊದಲ ನಿರ್ದೇಶಕರೂ ಅವರೇ.

ಉಡುಪಿಯ ಸಮೀಪದ ಅದಮಾರಿನಲ್ಲಿ ೧೯೩೨ರಲ್ಲಿ ಹುಟ್ಟಿದ ಯು.ಆರ್. ರಾವ್ ಅವರನ್ನು ನಾವು ಉಪಗ್ರಹಗಳ ಶಿಲ್ಪಿಯೆಂದು ಬಲ್ಲೆವು. ಆದರೆ ಅವರು ಓದಿದ್ದು ಭೌತಶಾಸ್ತ್ರ. ಸಂಶೋಧನೆ ಮಾಡಿದ್ದು ಆಕಾಶದಿಂದ ಬಂದೆರಗುವ ವಿಶ್ವಕಿರಣಗಳ ಮೇಲೆ. ಆ ಓದೇ ಅವರನ್ನು ೧೯೭೫ರ ಏಪ್ರಿಲ್ ೧೯ರಂದು ಮೇಲೇರಿದ ‘ಆರ್ಯಭಟ’ದವರೆಗೆ ಕರೆದೊಯ್ದಿತು. ನಕ್ಷತ್ರದ ಹಂಬಲದಿಂದ ಹೊರಟವರು ಯಾವ ಬಾಗಿಲಿನಲ್ಲಿ ಹೊರಬರುವರೆಂದು ಮೊದಲೇ ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇಂಥ ಮಹನೀಯರು ಲಕ್ಷಕ್ಕೊಬ್ಬರು, ನಮ್ಮ ಹುಡುಗಿಗೆ ಅದೆಲ್ಲ ಎಲ್ಲಿಂದ ಬರಬೇಕು ಎಂದು ಮಗ್ಗದ ತಂದೆ ಕೇಳಬಹುದು. ನ್ಯಾಯವಾದ ಮಾತು. ಆದುದರಿಂದ ಶಿಖರವನ್ನು ಬಿಟ್ಟು ಮೆಟ್ಟಿಲುಗಳ ಕಡೆಗೆ ಬರೋಣ.

ಮೊದಲು ಭೌತಶಾಸ್ತ್ರ

ಎಲ್ಲಕ್ಕೂ ಮೊದಲು ಒಂದು ತಿಳಿವಳಿಕೆ ಅಗತ್ಯ. ಖಗೋಳ ವಿಜ್ಞಾನವೆಂದರೆ ಜಾತಕ ಬರೆಯುವ ವಿದ್ಯೆಯಲ್ಲ. ನಕ್ಷತ್ರಗಳ ಹೆಸರನ್ನು ಬಾಯಿಪಾಠ ಮಾಡುವುದೂ ಅಲ್ಲ. ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ಅದರ ಬಿಸಿಯೆಷ್ಟು, ಅದರಲ್ಲಿರುವ ಮೂಲವಸ್ತುಗಳಾವುವು, ಅದು ನಮ್ಮತ್ತ ಬರುತ್ತಿದೆಯೋ ದೂರ ಸರಿಯುತ್ತಿದೆಯೋ ಎಂಬುದನ್ನು ಅಳೆಯುವುದು ಇಂದಿನ ಖಗೋಳ ವಿಜ್ಞಾನಿಯ ಕಸುಬು. ಇದಕ್ಕೆ ಬೇಕಾದದ್ದು ಭೌತಶಾಸ್ತ್ರ, ಗಣಿತ ಮತ್ತು ಕಂಪ್ಯೂಟರಿನ ಬಳಕೆ. ಈಗಿನ ಖಗೋಳ ವಿಜ್ಞಾನಿ ರಾತ್ರಿಯೆಲ್ಲ ದುರ್ಬೀನಿಗೆ ಕಣ್ಣು ಹಚ್ಚಿ ಕುಳಿತಿರುವುದಿಲ್ಲ. ಯಂತ್ರಗಳು ತಂದುಕೊಟ್ಟ ಅಂಕಿಗಳ ಮುಂದೆ ಹಗಲಿನಲ್ಲಿ ಕುಳಿತು ಅವುಗಳ ಅರ್ಥವನ್ನು ಬಿಡಿಸುತ್ತಾನೆ. ಆದುದರಿಂದ ಪಿ.ಯು. ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನು ಬಿಡದೆ ತೆಗೆದುಕೊಳ್ಳಬೇಕು. ಗಣಿತವನ್ನು ಬಿಟ್ಟವರಿಗೆ ಈ ಬಾಗಿಲು ಬಹುಮಟ್ಟಿಗೆ ಅಲ್ಲಿಯೇ ಮುಚ್ಚುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಪಿ.ಯು. ಮೊದಲ ವರ್ಷವು ಕಡಿದಾದ ಏರು. ವೇಗ, ವೇಗೋತ್ಕರ್ಷ, ಬಲ ಎಂದು ಬಲ್ಲ ವಿಷಯಗಳೇ ಇಂಗ್ಲಿಷಿನ ವೇಷ ತೊಟ್ಟು ಅಪರಿಚಿತರಂತೆ ಎದುರು ನಿಲ್ಲುತ್ತವೆ. ತಿಳಿವು ಕಡಿಮೆಯೆಂದು ಆಗ ಹುಡುಗರು ತಮ್ಮನ್ನೇ ಹಳಿದುಕೊಳ್ಳುವುದುಂಟು. ಕಡಿಮೆಯಾದದ್ದು ತಿಳಿವಲ್ಲ, ಮಾತು ಮಾತ್ರ. ಹತ್ತನೆಯ ಪರೀಕ್ಷೆ ಮುಗಿದ ಬೇಸಿಗೆಯಲ್ಲಿಯೇ ಹಳೆಯ ಕನ್ನಡ ಪಠ್ಯವನ್ನೂ ಇಂಗ್ಲಿಷ್ ಪಠ್ಯವನ್ನೂ ಪಕ್ಕಪಕ್ಕದಲ್ಲಿಟ್ಟು ಪದಗಳ ಒಂದು ಪಟ್ಟಿ ಬರೆದುಕೊಂಡರೆ ಅರ್ಧ ಏರನ್ನು ಏರಿದಂತೆಯೇ.

ಮನೆಯಂಗಳದಲ್ಲಿಯೇ ಮಾಡಬಹುದಾದ ಪ್ರಯೋಗಗಳೂ ಉಂಟು, ಖರ್ಚಿಲ್ಲ. ನೇರವಾದ ಒಂದು ಕೋಲನ್ನು ನೆಲದಲ್ಲಿ ನೆಟ್ಟು ನಡುಹಗಲಿನ ನೆರಳನ್ನು ದಿನವೂ ಅಳೆಯಿರಿ. ಬಾಗಲಕೋಟೆಯ ಸೀಮೆಯಲ್ಲಿ ಮೇ ೫ರ ಸುಮಾರಿಗೊಮ್ಮೆ, ಆಗಸ್ಟ್ ೮ರ ಸುಮಾರಿಗೊಮ್ಮೆ, ಹಗಲು ಹನ್ನೆರಡೂವರೆಯ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಕೋಲಿನ ನೆರಳು ಮಾಯವಾಗುತ್ತದೆ. ಆ ದಿನವನ್ನು ತಾನೇ ಕಂಡುಹಿಡಿದು, ಅದು ಹಾಗೇಕೆ ಎಂದು ತಾನೇ ಯೋಚಿಸುವ ಹುಡುಗನಲ್ಲಿ ವಿಜ್ಞಾನಿಯ ಲಕ್ಷಣವಿದೆಯೆನ್ನಬಹುದು. ಇಂಥವರಿಗಾಗಿ ಭಾರತೀಯ ಭೌತಶಾಸ್ತ್ರ ಅಧ್ಯಾಪಕರ ಸಂಘವು ಖಗೋಳ ವಿಜ್ಞಾನದಲ್ಲಿಯೂ ಭೌತಶಾಸ್ತ್ರದಲ್ಲಿಯೂ ರಾಷ್ಟ್ರಮಟ್ಟದ ಪರೀಕ್ಷೆಗಳನ್ನು ನಡೆಸುತ್ತದೆ. ಮುಂದಿನ ಮೆಟ್ಟಿಲುಗಳನ್ನು ದಾಟಿದವರು ಮುಂಬಯಿಯ ಹೋಮಿ ಭಾಭಾ ಕೇಂದ್ರದ ಶಿಬಿರಕ್ಕೂ ಅಲ್ಲಿಂದ ಅಂತರರಾಷ್ಟ್ರೀಯ ಒಲಿಂಪಿಯಾಡಿಗೂ ಹೋಗುತ್ತಾರೆ. ೨೦೨೫ರ ಆಗಸ್ಟಿನಲ್ಲಿ ಖಗೋಳ ವಿಜ್ಞಾನದ ಒಲಿಂಪಿಯಾಡ್ ಮುಂಬಯಿಯಲ್ಲಿಯೇ ನಡೆಯಿತು. ಶಾಲೆಯ ಗುರುಗಳು ಸಕಾಲದಲ್ಲಿ ಮಕ್ಕಳ ಹೆಸರು ನೋಂದಾಯಿಸಿದರೆ ಅದೇ ದೊಡ್ಡ ಉಪಕಾರ.

ಮೂರು ದಾರಿಗಳು

ಪಿ.ಯು. ಮುಗಿದ ಮೇಲೆ ಮೂರು ದಾರಿಗಳು ತೆರೆಯುತ್ತವೆ.

ಮೊದಲನೆಯದು ಮನೆಗೆ ಸಮೀಪದ್ದು. ಬಾಗಲಕೋಟೆಯ ಬಸವೇಶ್ವರ ವಿಜ್ಞಾನ ಕಾಲೇಜಿನಂಥ ಕಡೆ ಬಿ.ಎಸ್‌ಸಿ. ಓದಬಹುದು, ಹುನಗುಂದ, ಇಳಕಲ್ಲುಗಳಲ್ಲಿಯೂ ವಿಜ್ಞಾನದ ಕಾಲೇಜುಗಳಿವೆ. ಮಗಳನ್ನು ದೂರ ಕಳಿಸಲು ಕೈಸಾಗದ ಮನೆಗೆ ಇದು ಹಗುರವಾದ ದಾರಿ. ಊರ ಕಾಲೇಜಿನಲ್ಲಿ ಓದಿದರೆ ಮುಂದೆ ದೊಡ್ಡ ಸಂಸ್ಥೆಗೆ ಹೋಗಲಾಗದು ಎಂಬ ನಂಬಿಕೆ ಸರಿಯಲ್ಲ. ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿ ‘ಜಾಮ್’ ಎಂಬ ಪ್ರವೇಶ ಪರೀಕ್ಷೆಗೆ ಕುಳಿತು ಗೆದ್ದರೆ ಐ.ಐ.ಟಿ.ಗಳ ಎಂ.ಎಸ್‌ಸಿ.ಗೂ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಎಸ್‌ಸಿ., ಪಿಎಚ್.ಡಿ.ಗಳನ್ನು ಕೂಡಿಸಿ ಓದುವ ತರಗತಿಗೂ ಹೋಗಬಹುದು. ಪರೀಕ್ಷೆಯು ಕಾಲೇಜಿನ ಹೆಸರನ್ನು ಕೇಳ​ುವುದಿಲ್ಲ. ಲೆಕ್ಕವನ್ನು ಬಿಡಿಸಿದ್ದೀಯಾ ಎಂದು ಮಾತ್ರ ಕೇಳುತ್ತದೆ. ಅದಾಗದಿದ್ದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗವಿದ್ದೇ ಇದೆ.

ಎರಡನೆಯ ದಾರಿ ಪಿ.ಯು. ಮುಗಿದೊಡನೆ ವಿಜ್ಞಾನದ ಉನ್ನತ ಸಂಸ್ಥೆಗಳಿಗೆ ಹೋಗುವುದು. ಪುಣೆ, ತಿರುಪತಿ, ತಿರುವನಂತಪುರ ಮೊದಲಾದ ಏಳು ಕಡೆ ‘ಐಸರ್’ ಎಂಬ ಸಂಸ್ಥೆಗಳಿವೆ. ಅಲ್ಲಿ ಐದು ವರ್ಷಗಳಲ್ಲಿ ಬಿ.ಎಸ್., ಎಂ.ಎಸ್. ಎರಡೂ ದೊರೆಯುತ್ತವೆ. ಅವುಗಳ ಪ್ರವೇಶ ಪರೀಕ್ಷೆಯಲ್ಲಿ ಭೌತ, ರಸಾಯನ, ಗಣಿತ, ಜೀವಶಾಸ್ತ್ರ ನಾಲ್ಕರಿಂದಲೂ ಪ್ರಶ್ನೆಗಳು ಬರುತ್ತವೆ. ಭುವನೇಶ್ವರದ ‘ನೈಸರ್’ ಮತ್ತು ಮುಂಬಯಿಯ ಮೂಲವಿಜ್ಞಾನ ಕೇಂದ್ರಗಳಿಗೆ ‘ನೆಸ್ಟ್’ ಎಂಬ ಬೇರೆ ಪರೀಕ್ಷೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಾಲ್ಕು ವರ್ಷದ ಬಿ.ಎಸ್. ತರಗತಿಯುಂಟು.

ಮೂರನೆಯದು ಇಂಜಿನಿಯರಿಂಗಿನ ದಾರಿ. ೧೯೬೩ರಲ್ಲಿ ಆರಂಭವಾದ ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜನ್ನು ಎಲ್ಲರೂ ಬಲ್ಲರು. ದೂರದರ್ಶಕವೆಂದರೆ ಬರಿಯ ಗಾಜಲ್ಲ. ಅದನ್ನು ಕೂದಲೆಳೆಯಷ್ಟೂ ತಪ್ಪದೆ ತಿರುಗಿಸುವ ಯಂತ್ರ, ಅದರ ವಿದ್ಯುನ್ಮಾನ, ಅದನ್ನು ನಡೆಸುವ ಕಂಪ್ಯೂಟರ್, ಇವೆಲ್ಲ ಸೇರಿಯೇ ದೂರದರ್ಶಕ. ಇಂಜಿನಿಯರಿಂಗ್ ಓದಿದವರು ನಂತರ ಖಗೋಳ ವಿಜ್ಞಾನದ ಸಂಶೋಧನೆಗೆ ಇಳಿಯುವುದಕ್ಕೂ ಅಡ್ಡಿಯಿಲ್ಲ. ತಿರುವನಂತಪುರದಲ್ಲಿ ೨೦೦೭ರಲ್ಲಿ ಸ್ಥಾಪಿತವಾದ ಬಾಹ್ಯಾಕಾಶ ವಿಜ್ಞಾನ ಸಂಸ್ಥೆಯಲ್ಲಿ ಎರಡನ್ನೂ ಕೂಡಿಸಿ ಓದುವ ಅನುಕೂಲವೂ ಉಂಟು. ಮಗಳು ಇಂಜಿನಿಯರಳಾಗಲೆಂಬ ತಂದೆಗೂ ನಕ್ಷತ್ರ ಓದುವೆನೆಂಬ ಮಗಳಿಗೂ ರಾಜಿಯಾಗಬಹುದಾದ ದಾರಿ ಇದು.

ಹತ್ತು ವರ್ಷಗಳ ಲೆಕ್ಕ

ಇನ್ನು ಹೊಟ್ಟೆಯ ಪ್ರಶ್ನೆ. ಇದರಲ್ಲಿ ಮುಚ್ಚುಮರೆ ಮಾಡಬಾರದು.

ಖಗೋಳ ವಿಜ್ಞಾನಿಯೆಂಬ ಹೆಸರಿನ ಕೆಲಸಗಳು ನಮ್ಮ ದೇಶದಲ್ಲಿ ಕೆಲವೇ. ಅದಕ್ಕೆ ಪಿಎಚ್.ಡಿ. ಬೇಕು. ಪಿ.ಯು. ಮುಗಿಸಿದಾಗ ಹದಿನೆಂಟು, ಎಂ.ಎಸ್‌ಸಿ. ಮುಗಿಸಿದಾಗ ಇಪ್ಪತ್ತಮೂರು, ಪಿಎಚ್.ಡಿ. ಮುಗಿಸಿದಾಗ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ವಯಸ್ಸಾಗಿರುತ್ತದೆ. ಅನಂತರವೂ ಎರಡು ಮೂರು ಕಡೆ ತಾತ್ಕಾಲಿಕ ಸಂಶೋಧಕರಾಗಿ ದುಡಿದ ಮೇಲೆಯೇ ಕಾಯಂ ಹುದ್ದೆಯ ಮಾತು. ಇಂಜಿನಿಯರಾದ ಗೆಳತಿ ಮನೆ ಕಟ್ಟಿಸುವ ಹೊತ್ತಿಗೆ ಇವಳು ಇನ್ನೂ ಅರ್ಜಿ ಬರೆಯುತ್ತಿರಬಹುದು. ಇದನ್ನು ತಿಳಿದೇ ಹೊರಡಬೇಕು.

ಆದರೆ ಲೆಕ್ಕದ ಮತ್ತೊಂದು ಮಗ್ಗುಲನ್ನೂ ನೋಡಬೇಕು. ಪಿಎಚ್.ಡಿ. ಮಾಡುವಾಗ ಮನೆಯಿಂದ ಹಣ ತರಬೇಕಾಗಿಲ್ಲ. ‘ನೆಟ್’, ‘ಜೆಸ್ಟ್’, ‘ಗೇಟ್’ ಮೊದಲಾದ ಪರೀಕ್ಷೆಗಳಲ್ಲಿ ಯೋಗ್ಯತೆ ತೋರಿಸಿ ಸರಕಾರದ ಸಂಶೋಧನ ಸಂಸ್ಥೆಯನ್ನು ಸೇರಿದವರಿಗೆ ಶಿಷ್ಯವೇತನ ದೊರೆಯುತ್ತದೆ. ೨೦೨೩ರ ಜನವರಿಯಿಂದ ಅದು ಮೊದಲ ಎರಡು ವರ್ಷ ತಿಂಗಳಿಗೆ ೩೭,೦೦೦ ರೂಪಾಯಿ, ಆಮೇಲೆ ೪೨,೦೦೦ ರೂಪಾಯಿ ಎಂದು ಗೊತ್ತಾಯಿತು; ಮನೆಬಾಡಿಗೆಯ ಭತ್ಯೆ ಬೇರೆ. ಅಂದರೆ ಇಪ್ಪತ್ತಮೂರು ಇಪ್ಪತ್ತನಾಲ್ಕನೆಯ ವಯಸ್ಸಿನಿಂದ ಆಕೆ ತನ್ನ ಹೊಟ್ಟೆಯನ್ನು ತಾನೇ ಹೊರೆದುಕೊಂಡು ಮನೆಗೂ ನಾಲ್ಕು ಕಾಸು ಕಳುಹಿಸಬಲ್ಲಳು. ಹೆತ್ತವರು ಭರಿಸಬೇಕಾದದ್ದು ಎಂ.ಎಸ್‌ಸಿ.ವರೆಗಿನ ಐದು ವರ್ಷಗಳನ್ನು. ಅದರಲ್ಲಿಯೂ ಸರಕಾರದ ವಿದ್ಯಾರ್ಥಿನಿಲಯಗಳು, ವಿದ್ಯಾರ್ಥಿವೇತನಗಳು ಭಾರವನ್ನು ಇಳಿಸುತ್ತವೆ. ಯಾವುದಕ್ಕೆ ಯಾವ ತಿಂಗಳಿನಲ್ಲಿ ಅರ್ಜಿ ಹಾಕಬೇಕೆಂಬುದನ್ನು ಕಾಲೇಜಿನ ಕಚೇರಿಯಲ್ಲಿ ವರ್ಷದ ಆರಂಭದಲ್ಲಿಯೇ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಸಂಶೋಧನೆಗೆ ಹೋಗಬಹುದಾದ ಸ್ಥಳಗಳಲ್ಲಿ ಹಲವು ನಮ್ಮ ರಾಜ್ಯದಲ್ಲಿಯೇ ಇವೆ. ಬೆಂಗಳೂರಿನ ಕೋರಮಂಗಲದಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಇದೆ. ಅದರ ಮೂಲ ೧೭೮೬ರ ಮದರಾಸಿನ ವೇಧಶಾಲೆಯವರೆಗೆ ಹೋಗುತ್ತದೆ. ತಮಿಳುನಾಡಿನ ಕಾವಲೂರಿನಲ್ಲಿಯೂ ಲಡಾಖಿನ ಹಾನ್ಲೆಯಲ್ಲಿಯೂ ಅದರ ದೂರದರ್ಶಕಗಳಿವೆ. ೨೦೨೩ರ ಸೆಪ್ಟೆಂಬರ್ ೨ರಂದು ಸೂರ್ಯನನ್ನು ನೋಡಲೆಂದು ಹೊರಟ ‘ಆದಿತ್ಯ-ಎಲ್೧’ ನೌಕೆಯ ಮುಖ್ಯ ಯಂತ್ರವನ್ನು ನಿರ್ಮಿಸಿದ್ದು ಈ ಸಂಸ್ಥೆಯೇ. ೨೦೧೯ರಲ್ಲಿ ಇದರ ನಿರ್ದೇಶಕ ಪದವಿಗೆ ಬಂದವರು ಅನ್ನಪೂರ್ಣಿ ಸುಬ್ರಮಣಿಯಂ ಎಂಬ ಮಹಿಳೆ. ಹೆಣ್ಣುಮಗಳಿಗೇಕೆ ಇದೆಲ್ಲ ಎನ್ನುವವರು ಈ ಸಂಗತಿಯನ್ನು ನೆನಪಿಡಬೇಕು. ಸಿ.ವಿ. ರಾಮನ್ನರು ೧೯೪೮ರಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನ ಸಂಸ್ಥೆ, ಗೌರಿಬಿದನೂರಿನ ರೇಡಿಯೋ ವೇಧಶಾಲೆ, ಭಾರತೀಯ ವಿಜ್ಞಾನ ಸಂಸ್ಥೆ, ಇವೂ ಇವೆ. ಪುಣೆಯ ಉತ್ತರಕ್ಕೆ ಖೋಡದ ಗ್ರಾಮದ ಬಳಿ ತಲಾ ೪೫ ಮೀಟರು ಅಗಲದ ಮೂವತ್ತು ರೇಡಿಯೋ ಬೋಗುಣಿಗಳು ಆಕಾಶಕ್ಕೆ ಕಿವಿಗೊಟ್ಟು ನಿಂತಿವೆ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಗುರುತ್ವದ ಅಲೆಗಳನ್ನು ಹಿಡಿಯುವ ಮಹಾಯಂತ್ರಕ್ಕೆ ೨೦೨೩ರಲ್ಲಿ ಕೇಂದ್ರ ಸರಕಾರದ ಒಪ್ಪಿಗೆ ದೊರೆಯಿತು. ಇಂದು ಪಿ.ಯು. ಓದುತ್ತಿರುವವರು ಸಂಶೋಧನೆಗೆ ಕೈಹಾಕುವ ಕಾಲಕ್ಕೆ ಅಲ್ಲಿ ದುಡಿಯುವ ಕೈಗಳು ಬೇಕಾಗುತ್ತವೆ.

ಪಕ್ಕದ ಬಾಗಿಲುಗಳು

ಎಲ್ಲರೂ ಕೊನೆಯ ಮೆಟ್ಟಿಲಿನವರೆಗೆ ಹೋಗಲಾರರು, ಹೋಗಬೇಕಾಗಿಯೂ ಇಲ್ಲ. ಭೌತಶಾಸ್ತ್ರದ ಓದಿಗೆ ಇರುವ ದೊಡ್ಡ ಗುಣವೆಂದರೆ ಪ್ರತಿಯೊಂದು ಮೆಟ್ಟಿಲಿನ ಪಕ್ಕದಲ್ಲಿಯೂ ಒಂದು ಬಾಗಿಲಿರುವುದು.

ಬಿ.ಎಸ್‌ಸಿ.ಯ ಬಳಿಕ ಬಿ.ಎಡ್. ಮಾಡಿದವರು ಪ್ರೌಢಶಾಲೆಯ ಅಧ್ಯಾಪಕರಾಗಬಹುದು. ಎಂ.ಎಸ್‌ಸಿ.ಯೊಡನೆ ಬಿ.ಎಡ್. ಇದ್ದವರಿಗೆ ಪಿ.ಯು. ಕಾಲೇಜು, ‘ನೆಟ್’ ಇಲ್ಲವೆ ‘ಕೆ-ಸೆಟ್’ ಗೆದ್ದವರಿಗೆ ಪದವಿ ಕಾಲೇಜು. ಭೌತಶಾಸ್ತ್ರವನ್ನು ಪ್ರೀತಿಯಿಂದ ಕಲಿಸುವವರ ಕೊರತೆ ನಮ್ಮ ಹಳ್ಳಿಗಳಲ್ಲಿ ಎಷ್ಟಿದೆಯೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮುಂಗಾರಿನ ದಾರಿ ಕಾಯುವ ಹವಾಮಾನ ಇಲಾಖೆಗೆ ಭೌತಶಾಸ್ತ್ರದ ಪದವೀಧರರು ಬೇಕು. ಟ್ರಾಂಬೆಯ ಭಾಭಾ ಪರಮಾಣು ಕೇಂದ್ರದ ತರಬೇತಿ ಶಾಲೆ ೧೯೫೭ರಿಂದಲೂ ಎಂ.ಎಸ್‌ಸಿ. ಮತ್ತು ಇಂಜಿನಿಯರಿಂಗ್ ಮುಗಿಸಿದವರನ್ನು ಆರಿಸಿ, ವೇತನ ಕೊಟ್ಟು ಕಲಿಸಿ, ವಿಜ್ಞಾನಾಧಿಕಾರಿಗಳಾಗಿ ಸೇರಿಸಿಕೊಳ್ಳುತ್ತ ಬಂದಿದೆ. ನಮ್ಮ ಕಾಳಿ ನದಿಯ ದಂಡೆಯ ಕೈಗಾ ಅಣುಸ್ಥಾವರವೂ ಭೌತಶಾಸ್ತ್ರದ ಒಂದು ಫಲವೇ.

ಅನೇಕರಿಗೆ ತಿಳಿಯದ ಇನ್ನೊಂದು ವೃತ್ತಿ ಆಸ್ಪತ್ರೆಯ ಭೌತವಿಜ್ಞಾನಿಯದು. ಕ್ಯಾನ್ಸರ್ ರೋಗಿಗೆ ಕಿರಣಚಿಕಿತ್ಸೆ ಕೊಡುವಾಗ, ರೋಗದ ಗಡ್ಡೆಗೆ ಎಷ್ಟು ಕಿರಣ ಬೀಳಬೇಕು, ಪಕ್ಕದ ಆರೋಗ್ಯವಂತ ಅಂಗಕ್ಕೆ ಎಷ್ಟು ಬೀಳಬಾರದು ಎಂದು ಲೆಕ್ಕ ಹಾಕುವವನು ಡಾಕ್ಟರನಲ್ಲ, ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿ ವಿಕಿರಣ ಭೌತಶಾಸ್ತ್ರದ ವಿಶೇಷ ತರಬೇತಿ ಪಡೆದವನು. ಮಗಳು ಜನರ ಜೀವ ಉಳಿಸುವಂಥವಳಾಗಲಿ ಎಂದು ಬಯಸುವ ತಂದೆತಾಯಿಗಳಿಗೆ ಇದನ್ನು ತಿಳಿಸಬೇಕು. ನಕ್ಷತ್ರದ ಮಂದವಾದ ಬೆಳಕನ್ನು ಅಂಕಿಗಳ ಗದ್ದಲದಿಂದ ಹೆಕ್ಕಿ ತೆಗೆಯಲು ಕಲಿತವರಿಗೆ ಕಂಪ್ಯೂಟರಿನ ಉದ್ಯಮಗಳಲ್ಲಿಯೂ ಬೇಡಿಕೆಯುಂಟು.

ಪುಸ್ತಕಕ್ಕಿಂತ ಕೈಯೇ ಚುರುಕಾದವರಿಗೂ ಇಲ್ಲಿ ಎಡೆಯಿದೆ. ಇಳಕಲ್ಲಿನ ಕೆಂಪು ಗ್ರಾನೈಟಿಗೆ ಮೆರುಗು ಕೊಡುವವರನ್ನು ನೋಡಿ. ಮೊದಲು ಒರಟು ಪುಡಿ, ಬಳಿಕ ನಯವಾದುದು, ಆಮೇಲೆ ಇನ್ನೂ ನಯವಾದುದು, ಹೀಗೆ ಉಜ್ಜುತ್ತ ಉಜ್ಜುತ್ತ ಕಲ್ಲನ್ನು ಕನ್ನಡಿಯಾಗಿಸುತ್ತಾರೆ. ಕಾವಲೂರಿನ ವೈನು ಬಾಪು ದೂರದರ್ಶಕದ ೨.೩ ಮೀಟರಿನ ಕನ್ನಡಿಯನ್ನು ಬೆಂಗಳೂರಿನಲ್ಲಿ ಉಜ್ಜಿ ನಯಗೊಳಿಸಿದ್ದೂ ಇದೇ ನೀತಿಯಿಂದ. ವ್ಯತ್ಯಾಸವಿಷ್ಟೇ: ಅಲ್ಲಿ ಉಬ್ಬುತಗ್ಗು ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಹೆಚ್ಚಿರಕೂಡದು. ವೇಧಶಾಲೆಗಳಿಗೂ ಇಸ್ರೋ ಸಂಸ್ಥೆಗೂ ಐ.ಟಿ.ಐ., ಡಿಪ್ಲೊಮಾ ಮುಗಿಸಿದ ಕುಶಲಕರ್ಮಿಗಳು ಬೇಕೇ ಬೇಕು.

ಊರು ಬಿಡಲೊಲ್ಲದವರಿಗೆ ಹಾನ್ಲೆಯ ಉದಾಹರಣೆಯಿದೆ. ೨೦೨೨ರಲ್ಲಿ ಆ ಪ್ರದೇಶವನ್ನು ಕತ್ತಲ ಆಕಾಶದ ರಕ್ಷಿತ ವಲಯವೆಂದು ಘೋಷಿಸಿದ ಬಳಿಕ, ಅಲ್ಲಿನ ಹಳ್ಳಿಗರಲ್ಲಿಯೇ ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ದೂರದರ್ಶಕ ಕೊಟ್ಟು ತರಬೇತಿ ನೀಡಿದರು. ಅವರು ಪ್ರವಾಸಿಗರಿಗೆ ಇರುಳಿನ ಆಕಾಶವನ್ನು ತೋರಿಸಿ ಸಂಪಾದಿಸುತ್ತಾರೆ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಿಗೆ ಬರುವ ಯಾತ್ರಿಕರು ಹಗಲೆಲ್ಲ ಗುಡಿ ನೋಡಿ ಇರುಳು ಸುಮ್ಮನೆ ಮಲಗುತ್ತಾರಲ್ಲ! ಅವರಿಗೆ ಅಗಸ್ತ್ಯನನ್ನು ತೋರಿಸಿ, ಪಟ್ಟದಕಲ್ಲಿನ ಗ್ರಹಣದ ಕಥೆ ಹೇಳುವ ತರುಣರು ನಮ್ಮಲ್ಲಿ ಏಕಿರಬಾರದು?

ಒಡಲು ಮತ್ತು ಸೆರಗು

ಮತ್ತೆ ಇಳಕಲ್ಲಿನ ಮಗ್ಗದ ಬಳಿಗೆ ಬರೋಣ. ಇಳಕಲ್ಲ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದಾಗಿರುವುದುಂಟು. ಎರಡು ಹಾಸಿನ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುವುದೇ ಅಲ್ಲಿನ ನೇಕಾರರ ಹೆಚ್ಚುಗಾರಿಕೆ. ಕೊಂಡಿ ಭದ್ರವಾಗಿದ್ದರೆ ಸೀರೆ ಒಂದೇ. ಎಲ್ಲಿ ಹತ್ತಿ ಮುಗಿದು ಎಲ್ಲಿ ರೇಷ್ಮೆ ಮೊದಲಾಯಿತೆಂದು ಉಟ್ಟವರು ಯೋಚಿಸಬೇಕಾಗಿಲ್ಲ.

ಮಗಳ ಹಂಬಲ ರೇಷ್ಮೆಯ ಸೆರಗು. ದಿನದ ಅನ್ನ ಹತ್ತಿಯ ಒಡಲು. ಸೆರಗೊಂದನ್ನೇ ನೇಯ್ದರೆ ಉಡಲಾಗದು. ಒಡಲೊಂದನ್ನೇ ನೇಯ್ದರೆ ಅದನ್ನು ಇಳಕಲ್ಲ ಸೀರೆಯೆನ್ನರು. ಎರಡನ್ನೂ ಕೂಡಿಸುವ ಕೊಂಡಿ ಭೌತಶಾಸ್ತ್ರ ಮತ್ತು ಗಣಿತಗಳ ಗಟ್ಟಿಯಾದ ಓದು. ಅದು ಭದ್ರವಾಗಿದ್ದರೆ ಆಕೆ ವೇಧಶಾಲೆಯನ್ನು ಮುಟ್ಟಿದರೂ ಸರಿಯೆ, ಹುನಗುಂದದ ಶಾಲೆಯೊಂದರಲ್ಲಿ ನಿಂತು ಪಾಠ ಹೇಳಿದರೂ ಸರಿಯೆ, ಬದುಕು ಹರಿಯುವುದಿಲ್ಲ.

ಆದುದರಿಂದ ಆ ತಂದೆಗೆ ಹೇಳಬೇಕಾದ ಉತ್ತರವಿಷ್ಟು: ಬರಿಯ ಚಿಕ್ಕಿ ಎಣಿಸಿದರೆ ಹೊಟ್ಟೆ ತುಂಬದು. ಚಿಕ್ಕಿಯನ್ನು ಎಣಿಸಲು ಕಲಿಯುವ ವಿದ್ಯೆಯಿಂದ ತುಂಬುತ್ತದೆ. ಬನಶಂಕರಿಯ ಮುಂದಿನ ಜಾತ್ರೆಯಲ್ಲಿ, ಎಪ್ಪಾ, ಮಗಳ ಕೈಹಿಡಿದು ಒಮ್ಮೆ ನಾಟಕದ ನಡುವೆ ಹೊರಗೆ ಬಾ. ದಕ್ಷಿಣಕ್ಕೆ ನೋಡು. ಯಾವುದು ಅಗಸ್ತ್ಯನೆಂದು ಅವಳೇ ತೋರಿಸಲಿ. ಅದು ಎಷ್ಟು ಎತ್ತರದಲ್ಲಿದೆ, ಏಕೆ ಅಷ್ಟೇ ಎತ್ತರದಲ್ಲಿದೆ ಎಂದು ನೀನು ಕೇಳು. ಅವಳ ಉತ್ತರದಲ್ಲಿ ಲೆಕ್ಕವಿದ್ದರೆ ಅವಳನ್ನು ತಡೆಯಬೇಡ.